ಹನ್ನೊಂದು ಮನೆಯ ಕೆಂಚ

ನಮ್ಮೂರಿನ ಗಂಡಸರ ಬಾಯಿ ದೊಡ್ಡದು. ಹುಲಿಯನ್ನು ಕೋಲಿನಲ್ಲೇ ಓಡಿಸಿದೆ ಎನ್ನುತ್ತಾರೆ, ಆನೆಗೆ ಬೈದು ಕಾಡಿಗೆ ಕಳಿಸಿದೆ ಎನ್ನುತ್ತಾರೆ. ಒಂದು ಕಾಗದದ ಮೇಲೆ ನಿಮ್ಮ ಹೆಸರು ಹಾಕಿ ಎಂದರೆ ಮಾತ್ರ ಅಷ್ಟೂ ಜನಕ್ಕೆ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಸಿಟ್ಟು ಇಳಿದ ಮೇಲೆ ಇದನ್ನು ಹೇಳೋಣವೆಂದು ಎರಡು ತಿಂಗಳು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಹೇಳಿಬಿಡುತ್ತಿದ್ದೇನೆ.

ನನ್ನ ಹೆಸರು ಸುಕನ್ಯ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಯ ನಾಲ್ಕು ಹಳ್ಳಿಗಳಿಗೆ ಪಶು ಸಖಿ. ದನ, ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುವುದು, ಲಸಿಕೆಯ ದಿನ ಡಾಕ್ಟರ ಹಿಂದೆ ಮನೆಮನೆ ತಿರುಗುವುದು, ಹಸುವಿನ ಕಿವಿಗೆ ಹಳದಿ ಬಿಲ್ಲೆ ಹಾಕಿಸಿ ನಂಬರು ಬರೆದುಕೊಳ್ಳುವುದು ನನ್ನ ಕೆಲಸ. ಹೊಲವಿಲ್ಲದ ಮನೆಯವಳು ನಾನು. ಬ್ಯಾಗು ಹಾಕಿಕೊಂಡು ನಡೆಯುವುದೇ ನನ್ನ ಬೇಸಾಯ.

ಊರಿನ ತೆಂಕಲಿಗೆ ಕಾಡಿಗೆ ಅಂಟಿಕೊಂಡಂತೆ ಹನ್ನೊಂದು ಮನೆಯವರ ಹೊಲಗಳು ಸಾಲಾಗಿವೆ. ಜೋಳ, ರಾಗಿ, ಅವರೆ. ನಡುವೆ ಒಂದೇ ಒಂದು ಅಟ್ಟಣೆ. ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ರಾತ್ರಿ ಅದನ್ನು ಹತ್ತಿ ಕಾಡುಹಂದಿ ಬಾರದಂತೆ ಕಾಯುತ್ತಾರೆ. ಮನುಷ್ಯರ ಸರದಿ ಬದಲಾಗುತ್ತದೆ, ನಾಯಿ ಬದಲಾಗುವುದಿಲ್ಲ. ಕೆಂಚ ಅಂತ ಒಂದು ಕೆಂಪು ನಾಯಿ, ಎಡಗಿವಿ ಅರ್ಧ ಹರಿದದ್ದು. ಆ ಕಿವಿ ಹರಿದದ್ದು ಹಂದಿಯ ಕೋರೆಗೆ. ಯಾವ ಮನೆಯ ಸರದಿಯೋ ಆ ಮನೆಯವರು ಅವತ್ತು ಒಂದು ಮುದ್ದೆ ಹೆಚ್ಚಿಗೆ ಕಟ್ಟಬೇಕು. ಇದು ಬರೆದಿಟ್ಟ ಕಟ್ಟಳೆಯಲ್ಲ, ಆದರೂ ಯಾರೂ ತಪ್ಪಿಸಿದವರಲ್ಲ. ಅಟ್ಟಣೆಯ ಮೇಲಿರುವವರು ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಾರೆ, ಕೆಂಚ ಹನ್ನೊಂದು ಹೊಲ ಸುತ್ತುತ್ತಾನೆ. ಯಾವತ್ತು ಯಾರ ಸರದಿ ಎಂಬುದು ಅವನಿಗೆ ಬಾಯಿಪಾಠ. ಬೆಳಗಿನಿಂದಲೇ ಆ ಮನೆಯವರ ಹಿಂದೆ ತಿರುಗುತ್ತಿರುತ್ತಾನೆ.

ನನಗೂ ಅವನಿಂದ ಉಪಕಾರವಿತ್ತು. ಕಾಡಂಚಿನ ದಾರಿಯಲ್ಲಿ ಆಚೆಯ ಗಿರಿಜನರ ಹಾಡಿಗೆ ಹೋಗುವಾಗಲೆಲ್ಲ ಹತ್ತು ಹೆಜ್ಜೆ ಮುಂದೆ ನಡೆದು ಬಿಟ್ಟು ಬರುತ್ತಿದ್ದ. ಅವನಿಗೆ ಹುಚ್ಚುನಾಯಿ ಲಸಿಕೆ ಹಾಕುತ್ತಿದ್ದವಳೂ ನಾನೇ. ಸೂಜಿ ಚುಚ್ಚಿದ ಕೈಯನ್ನೇ ನೆಕ್ಕುವ ಪ್ರಾಣಿ.

ಬೇಸಿಗೆಯಲ್ಲಿ ಒಂದು ಫಾರಂ ಬಂತು. ಊರಿನ ಸಾಕುನಾಯಿಗಳನ್ನೆಲ್ಲ ಬರೆದುಕೊಳ್ಳಬೇಕು, ಮಾಲೀಕರ ಹೆಸರು, ಫೋನು, ಸಹಿ. ಏತಕ್ಕೆ ಎಂದು ನನಗೂ ಯಾರೂ ಹೇಳಿರಲಿಲ್ಲ. ಮೊದಲ ಮನೆ ಮಹದೇವಪ್ಪನದು. ಹನ್ನೊಂದು ಮನೆಗಳಲ್ಲಿ ದೊಡ್ಡ ಹೊಲ ಅವನದೇ.

“ನಾಯಿ ಐತಾ ಅಣ್ಣ?” ಎಂದೆ.

“ಐತಲ್ಲವ್ವ, ಕೆಂಚ. ಬರ್ಕೊ.”

ಎರಡನೆಯ ಮನೆ ಕಂಠಪ್ಪನದು. ಅಲ್ಲೂ ಕೆಂಚ. ಮೂರನೆಯ ಮನೆಯಲ್ಲೂ ಕೆಂಚ. ಹಿಂದಿನ ವರ್ಷ ಕಂಠಪ್ಪನ ಹಸು ಸತ್ತಾಗ ಕಿವಿಯಲ್ಲಿ ಬಿಲ್ಲೆ ಇದ್ದುದರಿಂದ ವಿಮೆ ಬಂದಿತ್ತು. ಸರ್ಕಾರ ಪ್ರಾಣಿಯ ಹೆಸರು ಬರೆದುಕೊಂಡರೆ ಮುಂದೆ ಏನೋ ಬರುತ್ತದೆ ಎಂಬುದು ಊರಿನವರ ತಲೆಗೆ ಕೂತುಬಿಟ್ಟಿತ್ತು. ಒಂದು ನಾಯಿಗೆ ಒಬ್ಬರದೇ ಹೆಸರು ಎಂದರೆ ಕೇಳಬೇಕಲ್ಲ! “ಅವ್ರುದ್ ಬರ್ದು ನಮ್ದ್ಯಾಕ್ ಬುಡ್ತೀಯ? ನಮ್ಮನೆ ಮುದ್ದೆ ತಿಂದಿಲ್ವಾ ಅದು?” ಎಂದು ನನ್ನ ಮೇಲೇ ಹಾರಿದರು. ಬೇಸತ್ತು ಹನ್ನೊಂದು ಹೆಸರನ್ನೂ ಬರೆದೆ. ಹನ್ನೊಂದು ಸಹಿ ಬಿತ್ತು. ಕಾಗದದಲ್ಲಿ ನಮ್ಮೂರಿಗೆ ಹನ್ನೊಂದು ಕೆಂಚರಾದರು.

ಜೋಳ ತೆನೆಗಟ್ಟುವ ಹೊತ್ತಿಗೆ ವಿಷಯ ಹೊರಬಿತ್ತು. ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿದರು. ಬೇಲಿಯಾಚೆ ಬಲೆ ಹಾಕಿದ ವ್ಯಾನು ನಿಂತಿತ್ತು. ಡಾಕ್ಟರು ರೂಪಶ್ರೀ ಮೇಡಂ ಅಕ್ಕಿಕಾಳಿನಷ್ಟೇ ಇದ್ದ ಮೈಕ್ರೋಚಿಪ್ಪನ್ನು ಅಂಗೈಯಲ್ಲಿಟ್ಟು ತೋರಿಸಿದರು. ಇದನ್ನು ನಾಯಿಯ ಭುಜದ ಚರ್ಮದಡಿ ಸೇರಿಸುತ್ತೇವೆ, ಮಷೀನು ಹಿಡಿದರೆ ನಂಬರು ಬರುತ್ತದೆ, ನಂಬರಿನಿಂದ ಮಾಲೀಕರ ಹೆಸರು ತಿಳಿಯುತ್ತದೆ ಎಂದರು. ಇನ್ನು ಮೇಲೆ ಸಾಕುನಾಯಿಗೆ ಇದು ಕಡ್ಡಾಯ. ನಾಯಿ ಯಾರನ್ನಾದರೂ ಕಚ್ಚಿದರೆ ಚಿಪ್ಪಿನಲ್ಲಿ ಹೆಸರಿರುವವರೇ ಹೊಣೆ. ಯಾರೂ ಹೆಸರು ಕೊಡದ ನಾಯಿ ಬೀದಿನಾಯಿ, ಅದು ವ್ಯಾನಿಗೆ.

ಹೊಣೆ ಎಂದದ್ದೇ ತಡ, ಸಭೆ ಜೇನುಗೂಡಾಯಿತು.

“ಪಹಣಿ ತಿದ್ದುಸ್ಕೊಳಕ್ಕೆ ಮೂರು ವರ್ಸದಿಂದ ಕೋಟೆಗೆ ಅಲೀತಾ ಇವ್ನಿ,” ಎಂದು ಎದ್ದವನು ಕಂಠಪ್ಪ. “ನನ್ ಜಮೀನ್ಗಿಲ್ದೇ ಇರೋ ದಾಖ್ಲೆ ನಾಯ್ಗೆ ನಿಂತ್ ಜಾಗ್ದಲ್ಲೇನಾ ಮೇಡಂ?”

ಜನ ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳಲಾರೆ.

“ಹಸ ಹಾಲ್ ಕೊಡ್ತದೆ, ಅದ್ಕೆ ನಂಬ್ರು ಸರಿ,” ಎಂದ ಮಹದೇವಪ್ಪ. “ನಾಯಿ ಏನ್ ಕೊಡ್ತದೆ? ನಾಳೆ ರೆಸಾರ್ಟ್‌ಗೆ ಬಂದೋರ್ಗೆ ಯಾರ್ಗಾದ್ರೂ ಬಾಯಾಕುದ್ರೆ ನಾವ್ ಕೋರ್ಟಿಗ್ ತಿರುಗ್ಬೇಕಾ?”

ನಾಯಿ ಏನು ಕೊಡುತ್ತದೆ! ಕೇಳಿದವನು ಯಾರು? ಕೆಂಚ ಕಾಯ್ದ ಜೋಳವನ್ನು ವರ್ಷವರ್ಷವೂ ಲಾರಿಗೆ ತುಂಬಿದವನು. ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

“ಈ ಚಿಪ್ಪು ಬೇಕು ಕಣಣ್ಣ,” ಎಂದೆ. “ಕೇರಳದ ಕಡೆ ಓಗೋ ಕಾಡ್ ರಸ್ತೇಲಿ ಕಾರಲ್ಲಿ ಬಂದು ನಾಯಿ ಇಳ್ಸಿ ಓಯ್ತಾರಲ್ಲ, ಆ ಕಳ್ರುನ್ನ ಇಡಿಯಕ್ಕೆ ಬೇಕು. ಓದ್ ವರ್ಸ ಆ ತಿರುವಲ್ಲಿ ಒಂದ್ ಬಿಳಿ ಲ್ಯಾಬ್ರಡಾರು ಒಂಬತ್ತು ದಿನ ಕೂತಿತ್ತು. ಬಂದ್ ಕಾರ್ನೆಲ್ಲ ನೋಡ್ತಾ ಇತ್ತು. ಅತ್ತನೇ ದಿನ ಚಿರತೆ ಎತ್ಕೊಂಡೋಯ್ತು. ಅದ್ಕೊಂದು ನಂಬ್ರಿದ್ದಿದ್ರೆ ಅವ್ರ್ ಮನೆ ಬಾಗ್ಲಲ್ಲಿ ನಿಂತು ಉಗೀತಿದ್ದೆ. ಸಾಕೋರು ಹೆಸ್ರು ಆಕ್ಬೇಕು. ಬುಟ್ಟೋಗೋರ್ಗೂ ನಮ್ಗೂ ಏನಾರ ವ್ಯತ್ಯಾಸ ಇರ್ಬೇಕಲ್ಲ!”

ಎದ್ದಿದ್ದವರು ಕೂತರು. ಗೆದ್ದೆ ಎಂದುಕೊಂಡೆ. ಮೇಡಂ ನನ್ನ ಫಾರಂ ತೆಗೆದು, “ಇಲ್ಲಿ ಕೆಂಚ ಅನ್ನೋ ಹೆಸರಿನ ಹನ್ನೊಂದು ನಾಯಿಗಳಿವೆ, ಎಲ್ಲಿ?” ಎಂದರು.

ನಾನು ಕಂಬದ ನೆರಳಲ್ಲಿ ಮಲಗಿದ್ದ ಒಬ್ಬನೇ ಕೆಂಚನನ್ನು ತೋರಿಸಿ ಆದದ್ದನ್ನು ಹೇಳಿದೆ. ಆಮೇಲೆ ಕಾಗದ ಹಿಡಿದು ಒಂದೊಂದೇ ಹೆಸರು ಕೂಗಿದೆ. ಇದು ನಿಮ್ಮ ನಾಯಿಯೇ, ನಿಮ್ಮ ಸಹಿಯೇ?

ಒಬ್ಬನಿಗೆ ಸಹಿ ಯಾರು ಹಾಕಿದರೋ ಗೊತ್ತಿಲ್ಲ. ಇನ್ನೊಬ್ಬನ ಫೋನು ಕೆಟ್ಟಿದೆ, ಒಟಿಪಿ ಬರುವುದಿಲ್ಲ. ಕಂಠಪ್ಪ ಪಹಣಿ ಸರಿಯಾಗಲಿ ನೋಡೋಣ ಎಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ಇವರಿನ್ನೂ ಹೊಳೆಯ ನಡುವೆಯೇ ಇದ್ದರು, ಜೋಳ ಇನ್ನೂ ಹೊಲದಲ್ಲಿತ್ತು. ಅಷ್ಟೂ ಬುದ್ಧಿಯಿಲ್ಲ!

ಪಟ್ಟಿಯಲ್ಲಿ ಮೊದಲಿದ್ದರೂ ಬೇಕೆಂದೇ ಉಳಿಸಿಕೊಂಡಿದ್ದ ಮಹದೇವಪ್ಪನ ಹೆಸರನ್ನು ಕೊನೆಗೆ ಕೂಗಿದೆ. ಅವತ್ತು ಅವನದೇ ಸರದಿ. ತನಗೆ ಗೊತ್ತಿದ್ದ ಆ ಹೆಸರು ಕೇಳಿದ ಕೆಂಚ ಎದ್ದು, ಮೈ ಕೊಡವಿ, ನೇರವಾಗಿ ಹೋಗಿ ಮಹದೇವಪ್ಪನ ಕಾಲಿಗೆ ಒರಗಿ ಕೂತ. ಬಾಲದಿಂದ ನೆಲದ ಧೂಳು ಗುಡಿಸಿದ. ಇಡೀ ಸಭೆ ನೋಡುತ್ತಿತ್ತು.

“ಹಚಾ!” ಎಂದು ಮಹದೇವಪ್ಪ ಕಾಲಿನಿಂದ ತಳ್ಳಿದ. “ಬೀದಿ ನಾಯಿ ಕಣವ್ವ ಇದು. ಯಾರ್ ತಾವ್ ಬೇಕಾದ್ರೂ ಓಯ್ತದೆ.”

ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಮಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳೂ ಏಳಲಿಲ್ಲ.

ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ, “ಮೂರು ದಿನ ಕೋಟೆಯ ಶೆಡ್ಡಿನಲ್ಲಿ ಇಟ್ಟಿರ್ತಾರೆ. ಅಷ್ಟರಲ್ಲಿ ಯಾರಾದ್ರೂ ಹೆಸರು ಕೊಟ್ಟರೆ ಚಿಪ್ ಹಾಕಿ ಬಿಡ್ತೀವಿ. ಇಲ್ಲಾಂದ್ರೆ ಈಗಲೇ ನಿಮ್ಮ ಹೆಸರು ಹಾಕ್ಲಾ, ಸುಕನ್ಯ?” ಎಂದರು.

“ನಂದ್ಯಾಕೆ ಮೇಡಂ?” ಎಂದೆ. “ಅವನ ಕಾವ್ಲಿಂದ ಉಂಡೋರು ಹಾಕ್ಲಿ.”

ವ್ಯಾನಿನವರ ಬಲೆಗೆ ಕೆಂಚ ಸಿಗಲಿಲ್ಲ. ಎರಡು ಸಲ ಅಂಗಳ ಸುತ್ತಿಸಿ ಅವರನ್ನು ಸುಸ್ತು ಮಾಡಿದ. ಆಗ ನಾನು ಕರೆದೆ. ನೆಟ್ಟಗೆ ಬಂದ. ಎರಡು ಕೈಯಲ್ಲಿ ಎತ್ತಿ ನಾನೇ ಒಳಗೆ ಬಿಟ್ಟೆ. ಹೋಗಲಿ, ಇವರಿಗೆ ಬುದ್ಧಿ ಬರಲಿ ಎಂದುಕೊಂಡೆ. ಎರಡು ಸಲ ಹಂದಿ ನುಗ್ಗಿದರೆ ಹನ್ನೊಂದು ಜನವೂ ಕೋಟೆಗೆ ಓಡುತ್ತಾರೆ, ಆ ಚಂದ ನಾನು ನೋಡಬೇಕು ಎಂದುಕೊಂಡೆ.

ಹಂದಿ ಮೊದಲ ದಿನವೇ ನುಗ್ಗಿತು. ಕಂಠಪ್ಪನ ಜೋಳ ಅರ್ಧ ಮಲಗಿತು. ಎರಡನೆಯ ದಿನ ಮಹದೇವಪ್ಪನದು. ಬೆಳಿಗ್ಗೆ ಎದ್ದು ಅವರ ಬೈಗುಳ ಕೇಳುವುದೇ ನನಗೊಂದು ಹಬ್ಬವಾಯಿತು. ಯಾರಾದರೂ ಬಸ್ಸು ಹತ್ತುತ್ತಾರೆಯೇ ಎಂದು ನಿಲ್ದಾಣದ ಕಡೆಯೇ ಕಣ್ಣಿಟ್ಟಿದ್ದೆ. ಯಾರೂ ಹತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಾಯಮ್ಮ ಬಂದಳು.

“ಓಗಿ ಕರ್ಕಬಾರವ್ವ,” ಎಂದಳು. “ನಿನ್ ಮಾತ್ ಕೇಳ್ತಾರೆ ಡಾಕ್ಟ್ರು.”

“ನಿಮ್ ಯಜಮಾನ್ರಿಗೆ ಕಾಲಿಲ್ವಾ ಮಾಯಕ್ಕ?”

“ಅವ್ರಾ? ಸುಕನ್ಯ ತಂದೇ ತತ್ತಾಳೆ, ಅವಳ್ಗೆ ತಡಿಯಕ್ಕಾಗಲ್ಲ ಅಂತ ಜಗ್ಲಿ ಮೇಲ್ ಕೂತವ್ರೆ. ಎಲ್ರೂ ಅಂಗೇ ಅಂತವ್ರೆ.”

ಇದನ್ನು ಕೇಳಿದ ಮೇಲಂತೂ ನನಗೆ ಸಿಟ್ಟು ನೆತ್ತಿಗೇರಿತು. ಓಹೋ, ನನ್ನ ಕರುಳಿನ ಮೇಲೆ ಇವರ ಲೆಕ್ಕಾಚಾರವೋ! ಕೂತುಕೊಳ್ಳಲಿ. ನಾನು ಏಳುವುದಿಲ್ಲ. ಎರಡು ಗಂಟೆಯ ಬಸ್ಸು ನನ್ನ ಮನೆಯ ಮುಂದೆಯೇ ಹೋಯಿತು. ನಾಲ್ಕರದೂ ಹೋಯಿತು. ಹಟ ಹಿಡಿದು ಒಳಗೆ ಕೂತು ಅಕ್ಕಿ ಆರಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಮೊದಲ ಬಸ್ಸಿಗೆ ಕೋಟೆಗೆ ಹೋದೆ. ದಾರಿಯುದ್ದಕ್ಕೂ ಮನೆಗೊಂದರಂತೆ ಹನ್ನೊಂದು ಬೈಗುಳ ಹೊಂದಿಸುತ್ತಿದ್ದೆ. ಕೆಂಚನನ್ನು ಹಗ್ಗ ಹಿಡಿದು ಊರ ನಡುವೆ ನಡೆಸಿಕೊಂಡು ಬಂದು ಒಬ್ಬೊಬ್ಬನ ಬಾಗಿಲಲ್ಲೂ ನಿಲ್ಲಬೇಕು, ಹೇಳಬೇಕು.

ಶೆಡ್ಡಿನಲ್ಲಿ ನೆಲ ತೊಳೆದಿತ್ತು. ಗೂಡುಗಳೆಲ್ಲ ಖಾಲಿ. ಪೊರಕೆ ಹಿಡಿದಿದ್ದ ಆಳು ಹೇಳಿದ, “ನೆನ್ನೆ ಸಾಯಂಕಾಲ ಲಾರಿ ಬಂದಿತ್ತು ಕಣಮ್ಮ. ಎಲ್ಲಾನೂ ತುಂಬ್ಕೊಂಡು ಮೈಸೂರಿಂದಾಚೆ ಓದ್ರು. ಅಲ್ಲಿಂದ ಮೂರ್ ನಾಲ್ಕ್ ಕಡೀಗ್ ಅಂಚ್ತಾರೆ.”

“ಕೆಂಪು ನಾಯಿ. ಎಡಗಿವಿ ಹರ್ದಿರೋದು.”

“ಅರ್ಧ ನಾಯಿಗಳು ಕೆಂಪೇಯ. ಕಿವಿ ಯಾರ್ ನೋಡ್ತಾರೆ? ಚಿಪ್ ನಂಬ್ರು ಹೇಳಿ, ಫೋನ್ ಮಾಡಿ ಕೇಳ್ತೀನಿ.”

“ಚಿಪ್ಪಿಲ್ಲ.”

ಅವನು ಪೊರಕೆ ಗೋಡೆಗೆ ಒರಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಾಯಿ ಯಾರ್ದಮ್ಮ?”

“ನಂದು,” ಎಂದೆ.

“ನಿಮ್ದಾದ್ರೆ ಮೂರ್ ದಿನ ಎಲ್ಲಿದ್ರಿ?”

ಹನ್ನೊಂದು ಬೈಗುಳ ಬಾಯಲ್ಲಿ ಸಿದ್ಧವಾಗಿದ್ದವು. ವಾಪಸು ಬಸ್ಸಿನಲ್ಲಿ ಹನ್ನೆರಡನೆಯದನ್ನು ನನಗೇ ಹೊಂದಿಸುತ್ತಾ ಬಂದೆ.