ಅರ್ಧ ಸ್ವರದ ಸಾಕ್ಷಿ

ಹಾಡಿನ ಸಾಲು ಕೊನೆಗೆ ಬರುವಷ್ಟರಲ್ಲಿ ಟೆನರ್‌ಗಳು, ಅಂದರೆ ಮೇಲಿನ ದನಿಯ ಗಂಡಸರು, ಎರಡು ಪಂಗಡವಾದರು. ಕೆಲವರು ಸ್ವರವನ್ನು ಅರ್ಧ ಏರಿಸಿದರು, ಕೆಲವರು ಇದ್ದಲ್ಲೇ ಬಿಟ್ಟರು. ಎರಡೂ ಒಟ್ಟಿಗೆ ಕೇಳಿ ಹಲ್ಲು ಜುಮ್ಮೆಂದಿತು.

ಗಾಯನವೃಂದ ನಡೆಸುವವಳು ಕೈಯೆತ್ತಿ ನಿಲ್ಲಿಸಿದಳು.

"ಕಿವಿ ಏರ್ಸು ಅನ್ನುತ್ತೆ," ಎಂದರು ಹೊಸಬರು.

"ದೊಡ್ಡ ಮೇಷ್ಟ್ರು ಕಲಿಸಿದ್ದು ಹೀಗೇ. ನಾನಂತೂ ಬದಲಾಯಿಸಲ್ಲ," ಎಂದ ಮೂವತ್ತು ವರ್ಷದಿಂದ ಹಾಡುತ್ತಿದ್ದ ದರ್ಜಿ.

ದೊಡ್ಡ ಮೇಷ್ಟ್ರು ಅವಳ ಮಾವ. ವೃಂದ ಕಟ್ಟಿದವರು, ಈ ಹಾಡಿನ ಹಾಳೆಗಳನ್ನು ಅಚ್ಚು ಹಾಕಿಸಿದವರು. ಯುರೋಪಿನ ಈ ಹಾಡು ನಾನೂರು ವರ್ಷಕ್ಕೂ ಹಳೆಯದು. ಆಗ ಇಂಥ ಕಡೆ ಏರಿಸುವ ಗುರುತನ್ನು ಬರೆಯುತ್ತಿರಲಿಲ್ಲ. ಹಾಡುವವರಿಗೆ ಗೊತ್ತೇ ಇರುತ್ತಿತ್ತು. ಗೊತ್ತಿದ್ದವರು ಹೋದರು, ಗುರುತಿಲ್ಲದ ಹಾಳೆ ಉಳಿಯಿತು. ಮಾವ ಹಾಳೆಯನ್ನೇ ನಂಬಿದ್ದರು.

ಮರುದಿನ ಅವಳು ರಜೆ ಹಾಕಿ ಹಳೆಯ ಗ್ರಂಥಾಲಯಕ್ಕೆ ಹೋದಳು. ಪೆನ್ನು ಒಳಗಿಡಿಸಿ ಪೆನ್ಸಿಲು ಕೊಟ್ಟ ಗ್ರಂಥಪಾಲಕಿ, ಅಂಗೈಯಗಲದ ಪುಸ್ತಕವೊಂದನ್ನು ಮೆತ್ತೆಯ ಮೇಲಿಟ್ಟಳು. ಅದೇ ಹಾಡನ್ನು ಆ ಕಾಲದಲ್ಲೇ ಯಾರೋ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಹೊಂದಿಸಿದ್ದರು. ಅದರಲ್ಲಿ ಸ್ವರಗಳಿಲ್ಲ, ಯಾವ ತಂತಿಯನ್ನು ಎಷ್ಟನೇ ಮೆಟ್ಟಿನಲ್ಲಿ ಒತ್ತಬೇಕೆಂಬ ಗುರುತು ಮಾತ್ರ. ಬೆರಳು ಒಂದೋ ಇಲ್ಲಿರಬೇಕು, ಇಲ್ಲ ಅಲ್ಲಿ. ಅನುಮಾನಕ್ಕೆ ಜಾಗವಿಲ್ಲ. ಅವಳು ಎರಡೆರಡು ಸಲ ಎಣಿಸಿದಳು. ಹಾಡಿನಲ್ಲಿ ತಕರಾರಿದ್ದದ್ದು ಮೂರು ಕಡೆ. ಮೂರರಲ್ಲೂ ಸ್ವರ ಏರಿತ್ತು.

ಸಂಜೆ ಮನೆಯಲ್ಲಿ ಚಹಾ ಮುಗಿದರೂ ಅವಳು ಖಾಲಿ ಲೋಟ ಹಿಡಿದು ಮಾವನ ಎದುರೇ ಕೂತಿದ್ದಳು.

"ಏನಮ್ಮಾ, ಮಾತು ನುಂಗ್ತಾ ಇದ್ದೀಯಲ್ಲ?" ಎಂದರು ಮಾವ.

ಅವಳು ಆ ಪುಸ್ತಕದ ಪುಟಗಳ ಫೋಟೊ ಮುಂದಿಟ್ಟಳು. ಅವರು ಭೂತಗನ್ನಡಿ ಹಿಡಿದು ತಾವೇ ಎಣಿಸಿದರು.

"ಇದು ಒಬ್ಬ ವಾದಕನ ಚಪಲ ಇರಬಹುದು. ಇನ್ನೊಂದು ಸಾಕ್ಷಿ ಬೇಕು."

ಮಾವನಿಗೆ ಸೋಲೊಪ್ಪಲು ಮನಸ್ಸಿಲ್ಲ ಎಂದುಕೊಂಡು ಅವಳು ಫೋಟೊ ಎತ್ತಿಟ್ಟಳು. ಮೂರು ವಾರದ ಮೇಲೆ ದೂರದ ಗ್ರಂಥಾಲಯದಿಂದ ಮಾವನ ಹೆಸರಿಗೆ ದಪ್ಪ ಲಕೋಟೆ ಬಂದಾಗ ಅವಳಿಗೆ ನಾಚಿಕೆಯಾಯಿತು. ಅವರೇ ಕಾಗದ ಬರೆದು, ಆರ್ಗನ್ ನುಡಿಸುವವರಿಗಾಗಿ ಅದೇ ಕಾಲದಲ್ಲಿ ಬರೆದಿದ್ದ ಈ ಹಾಡಿನ ಪ್ರತಿಯ ನಕಲನ್ನು ತರಿಸಿದ್ದರು. ಇಬ್ಬರೂ ಹಾಳೆಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತರು. ಮೊದಲೆರಡು ಕಡೆ ಸ್ವರ ಏರಿತ್ತು. ಮೂರನೆಯ ಕಡೆ ಇಲ್ಲ.

"ಇಷ್ಟು ವರ್ಷ ತಪ್ಪು ಹಾಡಿಸಿದೆ."

"ಎರಡೇ ಕಡೆ, ಮಾವ."

"ಎರಡು ಕಡೆ ಅಂದ್ರೆ ಕಮ್ಮಿಯೇನಮ್ಮಾ?" ಅವರು ಕನ್ನಡಕ ತೆಗೆದರು. "ನಿಮ್ಮತ್ತೆಗೂ ಏರಿಸಬೇಕು ಅನ್ನಿಸ್ತಿತ್ತು. ಹಾಳೇಲಿ ಎಲ್ಲಿದೆ ತೋರಿಸು ಅಂತ ಎಲ್ಲರ ಮುಂದೆ ಬಾಯಿ ಮುಚ್ಚಿಸಿದೆ. ಆಮೇಲೆ ಆ ಸಾಲು ಬಂದಾಗೆಲ್ಲ ಅವಳು ಸುಮ್ಮನೆ ನಿಂತಿರ್ತಿದ್ದಳು. ಸಾಯೋವರೆಗೂ."

ಅವಳು ಹಾಳೆಗಳನ್ನು ನಿಧಾನವಾಗಿ ಜೋಡಿಸಿಟ್ಟಳು.

ಮುಂದಿನ ಅಭ್ಯಾಸಕ್ಕೆ ಮಾವ ಕೋಲೂರಿಕೊಂಡು ಬಂದರು. ನೇರ ದರ್ಜಿಯ ಮುಂದೆ ನಿಂತು, "ನಾನೇ ತಪ್ಪು ಹೇಳಿಕೊಟ್ಟಿದ್ದೆ. ಏರ್ಸಯ್ಯ," ಎಂದರು.

"ಮೂವತ್ತು ವರ್ಷದ ಹೊಲಿಗೆ ಬಿಚ್ಚು ಅಂತೀರಲ್ಲ ಮೇಷ್ಟ್ರೇ!"

ಎಲ್ಲರೂ ನಕ್ಕರು. ದರ್ಜಿ ಮೊದಲ ಸಲ ಎಡವಿದ, ಎರಡನೇ ಸಲ ಏರಿಸಿದ. ದನಿಗಳು ಒಂದರೊಳಗೊಂದು ಕೂತವು. ಮಾವ ಕಣ್ಣು ಮುಚ್ಚಿ, "ಇನ್ನೊಂದ್ಸಲ," ಎಂದರು. ಹಾಗೆ ನಾಲ್ಕು ಸಲ ಹಾಡಿಸಿದರು.

"ಮೂರನೇದಕ್ಕೆ ಏನು ಮಾಡ್ಲಿ, ಮಾವ?"

"ಸಾಕ್ಷಿಗಳೇ ಜಗಳ ಆಡ್ತಿರೋವಾಗ ನನ್ನನ್ಯಾಕೆ ಕೇಳ್ತೀಯ? ಹಾಡಿಸೋಳು ನೀನು."

ಅವಳು ಅದನ್ನು ಎರಡೂ ರೀತಿ ಹಾಡಿಸಿ ನೋಡಿದಳು. ಕೊನೆಗೆ ಏರಿಸದೆ ಬಿಟ್ಟಳು. ಹೊಸ ಅಚ್ಚಿನಲ್ಲಿ ಆ ಸ್ವರದ ಕೆಳಗೆ ಎರಡು ಹಳೆಯ ಪ್ರತಿಗಳೂ ಏನೇನು ಹೇಳುತ್ತವೆಂದು ಸಣ್ಣಕ್ಷರದಲ್ಲಿ ಬರೆಸಿದಳು. ಮುಂದೆ ಹಾಡುವವರು ತಮಗೆ ಸರಿಕಂಡದ್ದನ್ನು ಆರಿಸಿಕೊಳ್ಳಲಿ ಎಂದು.