ಒಂದು ಬೆರಳಿನ ಜಾಗ

ಬದನೆ ಗಿಡಗಳ ಎರಡು ಸಾಲು ಮುಗಿದಿತ್ತು. ವಸುಮತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಟ್ಟೆಯ ಪಟ್ಟಿಯೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೂರನೇ ಸಾಲಿನ ಮೊದಲ ಗಿಡಕ್ಕೆ ಕೋಲು ಊರುತ್ತಿದ್ದಳು. ಪಟ್ಟಿ ಅವಳದೇ ಹಳೆಯ ಸೀರೆಯದು. ನೀಲಿ ನೂಲಿನ ಸೀರೆ, ಬಿಳಿ ಚುಕ್ಕೆ. ಮಳೆ ನಿಂತ ಮೇಲೆ ಶಾಲೆಯ ತೋಟ ಶುರುವಾದಾಗ ಅದರ ಅರ್ಧವನ್ನು ಹರಿದು ತಂದಿದ್ದಳು.

ಶಾಲೆ ಅಡೂರಿನಿಂದ ಮೇಲೆ, ಮುರಕಲ್ಲಿನ ಬೋಳುಗುಡ್ಡದ ಪದವಿನ ಮೇಲಿತ್ತು. ಸರಕಾರಿ ಕನ್ನಡ ಶಾಲೆ, ನಾಲ್ಕನೆಯ ತರಗತಿವರೆಗೆ. ವಸುಮತಿ ಪುತ್ತಿಗೆಯ ಕಡೆಯಿಂದ ವರ್ಗವಾಗಿ ಜೂನಿನಲ್ಲಿ ಇಲ್ಲಿಗೆ ಬಂದವಳು. ನಾಲ್ಕನೆಯ ತರಗತಿ ಅವಳದು, ಹದಿನೇಳು ಮಕ್ಕಳು.

"ಟೀಚರೇ, ಇವಳು ಗಿಡದ ಕುತ್ತಿಗೆ ಹಿಸುಕ್ತಾ ಇದ್ದಾಳೆ," ಎಂದಳು ಅಶ್ಮಿತಾ, ಪಕ್ಕದ ಕ್ಷಮಾಳ ಕೈ ತೋರಿಸಿ.

"ನೀನು ಕಲಿಸು ಅವಳಿಗೆ."

ಒಂಬತ್ತು ವರ್ಷದ ಅಶ್ಮಿತಾ ದೊಡ್ಡವಳ ಹಾಗೆ ಮಂಡಿಯೂರಿದಳು. ಪಟ್ಟಿಯನ್ನು ಗಿಡದ ಸುತ್ತ ತಂದು, ನಡುವೆ ಒಮ್ಮೆ ತಿರುಚಿ, ಕೋಲಿಗೆ ಸುತ್ತಿ ಗಂಟು ಹಾಕಿದಳು. ಮತ್ತೆ ಗಿಡಕ್ಕೂ ಬಟ್ಟೆಗೂ ನಡುವೆ ತೋರುಬೆರಳು ತೂರಿಸಿ, "ಇಷ್ಟು ಜಾಗ ಬೇಕು. ಆಗ ಬೀಳುವುದೂ ಇಲ್ಲ, ನೋವೂ ಆಗುವುದಿಲ್ಲ," ಎಂದಳು. ವಸುಮತಿ ಹೇಳಿಕೊಟ್ಟ ಮಾತೇ. ಕಲಿಸಿದ ದಿನ ಎಲ್ಲರೂ ಹೋದ ಮೇಲೆ ಈ ಹುಡುಗಿ ನಿಂತು, "ಎರಡು ಪಟ್ಟಿ ಕೊಡ್ತೀರಾ ಟೀಚರೇ? ಉದ್ದದ್ದು. ಮನೆಯಲ್ಲಿಯೂ ಗಿಡ ಉಂಟು," ಎಂದು ಕೇಳಿದ್ದಳು. ಕಲಿಸಿದ್ದು ಮನೆಯವರೆಗೂ ಹೋಯಿತಲ್ಲ ಎಂದು ವಸುಮತಿಗೆ ಆ ಸಂಜೆಯೆಲ್ಲ ಖುಷಿ.

ಗಂಟೆ ಹೊಡೆಯಿತು. ಹಾಜರಿ ಕರೆದಾಗ ಹದಿನೇಳಕ್ಕೆ ಹದಿನೇಳೂ ಇದ್ದರು. ಬಾಗಿಲ ಪಕ್ಕದ ಹಲಗೆಯಲ್ಲಿ ವಸುಮತಿ ತೊಂಬತ್ತೆಂಟನ್ನು ಉಜ್ಜಿ ತೊಂಬತ್ತೊಂಬತ್ತು ಎಂದು ಬರೆದಳು. ಮಕ್ಕಳು ಬೆಂಚು ಬಡಿದರು.

ಮಂಗಳೂರಿನ ಒಂದು ಟ್ರಸ್ಟು ಎರಡು ವರ್ಷದಿಂದ ಈ ಶಾಲೆಯನ್ನು ನೋಡಿಕೊಳ್ಳುತ್ತಿತ್ತು. ಹೆಂಚು ಬದಲಿಸಿದ್ದು, ಬೆಳಗ್ಗಿನ ತಿಂಡಿ, ಬಣ್ಣದ ಪುಸ್ತಕ ಎಲ್ಲ ಅವರದು. ಈ ವರ್ಷ ಒಂದು ಪಂಥ ಕೊಟ್ಟಿದ್ದರು: ಯಾವ ತರಗತಿಯಲ್ಲಿ ಸತತ ನೂರು ದಿನ ಒಂದು ಮಗುವೂ ತಪ್ಪಿಸುವುದಿಲ್ಲವೋ ಆ ತರಗತಿಯ ಹೆಸರಿನಲ್ಲಿ ಶಾಲೆಗೊಂದು ಗ್ರಂಥಾಲಯದ ಕೋಣೆ. ಒಬ್ಬರು ತಪ್ಪಿದರೂ ಲೆಕ್ಕ ಪುನಃ ಒಂದರಿಂದ.

ಜುಲೈಯಲ್ಲಿ ಹಾಗೆಯೇ ಆಗಿತ್ತು. ಅಶ್ಮಿತಾ ವಾರಕ್ಕೆ ಎರಡು ದಿನ ಬರುತ್ತಿರಲಿಲ್ಲ. ಕೇಳಿದರೆ "ತಮ್ಮನಿಗೆ ಹುಷಾರಿಲ್ಲ" ಎಂದಷ್ಟೇ. ಮೂರನೇ ಸಲ ವಸುಮತಿ ಅವಳನ್ನು ಎದುರು ನಿಲ್ಲಿಸಿದ್ದಳು. "ನಿನ್ನೊಬ್ಬಳಿಂದ ಹದಿನಾರು ಮಂದಿಯ ಕೋಣೆ ಹೋಗ್ತದೆ. ಎಲ್ಲರ ಮುಖ ನೋಡು ಒಮ್ಮೆ." ಹುಡುಗಿ ಒಂದೊಂದೇ ಮುಖ ನೋಡಿದ್ದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಗಟ್ಟಿಯಾಗಿ ಹೇಳಿದ್ದು ಒಳ್ಳೆಯದಾಯಿತು ಎಂದುಕೊಂಡಿದ್ದಳು ವಸುಮತಿ.

ಹನ್ನೊಂದಕ್ಕೆ ಟ್ರಸ್ಟಿನ ಉಜ್ವಲ್ ಬಂದ. ಇಪ್ಪತ್ತಾರರ ಹುಡುಗ, ಬೆನ್ನಿಗೆ ಚೀಲ, ಮಕ್ಕಳ ಹೆಸರೆಲ್ಲ ಬಾಯಿಪಾಠ. "ಟೀಚರ್, ನಾಳೆ ಫೋಟೋ ತೆಗೆಯಲಿಕ್ಕೆ ಮನೆಯವರ ಒಪ್ಪಿಗೆ ಪತ್ರ ಬೇಕಲ್ಲ, ಒಂದು ಕಡಿಮೆ ಉಂಟು. ಅಶ್ಮಿತಾಳದ್ದು."

"ಎರಡು ಸಲ ಕಳಿಸಿದೆ. ಅಮ್ಮನಿಗೆ ಪುರುಸೊತ್ತಿಲ್ಲ ಅಂತಾಳೆ. ಕೊಡಿ, ಊಟದ ಹೊತ್ತಿಗೆ ನಾನೇ ಹೋಗಿ ಬರ್ತೇನೆ."

ಮಕ್ಕಳು ಗಂಜಿಗೆ ಕುಳಿತಾಗ ವಸುಮತಿ ಸ್ಕೂಟರ್ ತೆಗೆದಳು. ಮಣ್ಣಿನ ದಾರಿ ಮುಗಿದಲ್ಲಿ ಅಶ್ಮಿತಾಳ ಮನೆ. ಎರಡು ಕೋಣೆ, ಸಿಮೆಂಟು ಬಳಿಯದ ಗೋಡೆ. ಅಂಗಳದಲ್ಲಿ ಒಂದು ಗಿಡವೂ ಇರಲಿಲ್ಲ. ಮೂಲೆಯಲ್ಲಿ ಕಟ್ಟೆಯಿಲ್ಲದ ಬಾವಿ, ಅದರ ಬಾಯಿಗೆ ಅಡ್ಡ ಇಟ್ಟ ನಾಲ್ಕು ತೆಂಗಿನ ಮಡಲು. ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗಿನಿಂದ ಯಾರೋ ಗುನುಗುವ ಸದ್ದು.

ಅವಳು ಚಿಲಕ ತೆಗೆದಳು.

ಕಿಟಕಿಯ ಕೆಳಗೆ ಮಡಿಸಿದ ಕಂಬಳಿಯ ಮೇಲೆ ಏಳೆಂಟು ವರ್ಷದ ಹುಡುಗ ಕುಳಿತಿದ್ದ. ಕಾಲು ಎರಡೂ ಸಣ್ಣ, ಒಂದರ ಮೇಲೊಂದು ಮಡಚಿ ಬಿದ್ದಿದ್ದವು. ಎದುರು ಎರಡು ಖಾಲಿ ಬೆಂಕಿಪೆಟ್ಟಿಗೆ. ಸೊಂಟದ ಸುತ್ತ ಬಟ್ಟೆ, ಬಟ್ಟೆಯ ಇನ್ನೊಂದು ಕೊನೆ ಕಿಟಕಿಯ ಸರಳಿಗೆ. ನೀಲಿ ಬಟ್ಟೆ, ಬಿಳಿ ಚುಕ್ಕೆ.

ವಸುಮತಿಯ ಕೈಯಿಂದ ಕಾಗದ ಜಾರಿತು. ಹುಡುಗ ಅದನ್ನು ನೋಡಿ ನಕ್ಕ. ಅವಳು ಮಂಡಿಯೂರಿ ಕುಳಿತಳು. ಗಂಟು ಅವಳಿಗೆ ಗೊತ್ತಿದ್ದದ್ದೇ. ಸುತ್ತ ತಂದು, ನಡುವೆ ಒಮ್ಮೆ ತಿರುಚಿ, ಸರಳಿಗೆ ಸುತ್ತಿ ಹಾಕಿದ್ದು. ಅವಳು ತೋರುಬೆರಳನ್ನು ಹುಡುಗನ ಅಂಗಿಗೂ ಬಟ್ಟೆಗೂ ನಡುವೆ ಇಟ್ಟು ನೋಡಿದಳು. ಬೆರಳು ಸಲೀಸಾಗಿ ಹೋಯಿತು.

"ಯಾರದು? ಪಾಲಿಯೇಟಿವಿನ ನರ್ಸಮ್ಮನಾ?" ಬಾಗಿಲಲ್ಲಿ ಮುದುಕಿಯೊಬ್ಬಳು ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಪಕ್ಕದ ಮನೆಯ ದೇವಕಿ. "ಈ ಸಲ ಬೇಗ ಬಂದ್ರಿ. ಮದ್ದು ತಂದಿದ್ದೀರಾ?"

ತಾನು ಟೀಚರು ಎಂದು ವಸುಮತಿ ಹೇಳಲಿಲ್ಲ. "ಕಟ್ಟಿದ್ದು ಯಾರು?" ಎಂದಷ್ಟೇ ಕೇಳಿದಳು.

"ಅಕ್ಕನೇ, ಪಾಪ. ಬೈಬೇಡಿ ಅದಕ್ಕೆ. ಕಟ್ಟದಿದ್ರೆ ಈ ಸಣ್ಣವ, ನಮ್ಮ ಕಿನ್ನಿ, ತೆವಳಿಕೊಂಡು ಬಾವಿ ಹತ್ರ ಹೋಗ್ತಾನೆ, ಒಮ್ಮೆ ಹೋಗಿದ್ದ. ಇವನ ಅಮ್ಮ ಈಶ್ವರಿ ಏಳಕ್ಕೇ ಗೇರುಬೀಜದ ಕಾರ್ಖಾನೆಯ ಜೀಪಿಗೆ ಓಡ್ಬೇಕು. ಅವಳ ಗಂಡ ಕೊಡಗಿನ ತೋಟದಲ್ಲಿ. ಇವನನ್ನು ನೋಡ್ತಾ ಇದ್ದದ್ದು ಅಜ್ಜಿ, ಅವಳು ಜೂನಿನಲ್ಲಿ ತೀರಿಹೋದಳು." ದೇವಕಿ ಕೂತು ಕಿನ್ನಿಯ ಬಾಯಿಗೆ ಗಂಜಿ ಇಡತೊಡಗಿದಳು. "ಮೊದಲು ವಾರದಲ್ಲಿ ಅಮ್ಮ ಮೂರು ದಿನ, ಮಗಳು ಎರಡು ದಿನ ಅಂತ ರಜೆ ಮಾಡ್ತಿದ್ರು. ಮತ್ತೆ ಆ ಶಾಲೆಗೆ ಹೊಸತೊಂದು ಟೀಚರು ಬಂದಿದ್ದಾಳಂತೆ. ಒಂದು ದಿನ ತಪ್ಪಿಸಿದ್ರೆ ಎಲ್ಲ ಮಕ್ಕಳ ಎದುರು ಮರ್ಯಾದೆ ತೆಗೀತಾಳಂತೆ. ಅವಳ ಮನೆಯಲ್ಲಿ ಇಂಥದ್ದೊಂದು ಇದ್ರೆ ಗೊತ್ತಾಗ್ತಿತ್ತು."

ವಸುಮತಿ ಬಿದ್ದ ಕಾಗದವನ್ನು ಹೆಕ್ಕಿ ಮಡಚಿದಳು.

"ಮೊದಲು ಹಗ್ಗದಲ್ಲಿ ಕಟ್ತಿದ್ದಳು. ಸೊಂಟವೆಲ್ಲ ಕೆಂಪು. ಅದನ್ನು ನೋಡಿ ಅವಳೇ ಅಳುವುದು. ಈಗ ಶಾಲೆಯಲ್ಲಿ ಎಂತದೋ ಒಳ್ಳೆ ಗಂಟು ಹೇಳಿಕೊಟ್ಟಿದ್ದಾರಂತೆ. ಗುರ್ತವೇ ಬೀಳುವುದಿಲ್ಲ ನೋಡಿ."

"ಇಂಥ ಮಕ್ಕಳಿಗೆ ಪಂಚಾಯತಿನ ಶಾಲೆ ಉಂಟಲ್ಲ?" ವಸುಮತಿ ಕೇಳಿದಳು.

"ಉಂಟು ಮಾರಾಯ್ರೆ, ಇವನ ಹೆಸರೂ ಉಂಟು ಅಲ್ಲಿ. ವ್ಯಾನು ಇಲ್ಲಿಗೆ ಹತ್ತುವುದಿಲ್ಲ. ಕೆಳಗೆ ಸೇತುವೆ ಹತ್ರ ಒಂಬತ್ತೂವರೆಗೆ ಬರ್ತದೆ, ಸಂಜೆ ನಾಲ್ಕೂವರೆಗೆ ತಂದು ಬಿಡ್ತದೆ. ಸಂಜೆಯಾದ್ರೆ ನನ್ನ ಮಗ ತರ್ತಿದ್ದ. ಬೆಳಗ್ಗೆ ಅಜ್ಜಿಯೇ ಸೊಂಟದಲ್ಲಿ ಕೂರಿಸಿಕೊಂಡು ಇಳಿಸ್ತಿದ್ದಳು. ಈಗ ಇಳಿಸುವವರು ಯಾರು? ನನ್ನ ಮಂಡಿ ಹೋಗಿದೆ."

ಸೇತುವೆ ಬಳಿಯ ಆ ಹಳದಿ ವ್ಯಾನು ವಸುಮತಿಗೆ ಗೊತ್ತಿತ್ತು. ದಿನಾ ಶಾಲೆಗೆ ಬರುವಾಗ ದಾರಿಗೆ ಅಡ್ಡ ನಿಂತಿರುತ್ತಿತ್ತು. ತಡವಾಗುತ್ತದೆಂದು ಅದರ ಹಿಂದೆ ನಿಂತು ಹಾರ್ನ್ ಹೊಡೆಯುತ್ತಿದ್ದವಳು ಅವಳೇ.

ದೇವಕಿ ಖಾಲಿ ಬಟ್ಟಲು ಹಿಡಿದು ಮನೆಗೆ ಹೋದಳು. ಹೊರಡುವಾಗ ವಸುಮತಿಗೆ ಗಂಟು ಬಿಚ್ಚಬೇಕೆನಿಸಿತು. ಬಾವಿಯ ಕಡೆ ನೋಡಿದಳು. ಬಿಚ್ಚಲಿಲ್ಲ. ಚಿಲಕವನ್ನು ಅವಳೇ ಹಾಕಿ ಬರಬೇಕಾಯಿತು.

ಶಾಲೆಯ ಜಗಲಿಯಲ್ಲಿ ಉಜ್ವಲ್ ಟೇಪು ಹಿಡಿದು ಕೋಣೆಯ ಜಾಗ ಅಳೆಯುತ್ತಿದ್ದ. "ಸೈನ್ ಸಿಕ್ಕಿತಾ ಟೀಚರ್?"

"ಇಲ್ಲ." ಅವಳು ಕಂಬಕ್ಕೆ ಒರಗಿ ನಿಂತಳು. "ಉಜ್ವಲ್, ಮನೆಯಲ್ಲಿ ಎಂತಾದ್ರೂ ತಾಪತ್ರಯ ಇದ್ದು ಒಂದು ಮಗು ಬರ್ಲಿಕ್ಕೆ ಆಗದಿದ್ರೆ?"

"ತಾಪತ್ರಯ ಎಲ್ಲರ ಮನೆಯಲ್ಲಿಯೂ ಉಂಟಲ್ಲ ಟೀಚರ್. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು." ಅವನು ಟೇಪು ಸುತ್ತಿದ. "ಎರಡು ವರ್ಷ ಹಿಂದೆ ನಾನು ಬಂದಾಗ ಅರ್ಧ ಬೆಂಚು ಖಾಲಿ. ಮಕ್ಕಳು ಗೇರು ಹೆಕ್ಕಲಿಕ್ಕೆ, ಮನೆ ಕಾಯಲಿಕ್ಕೆ ಹೋಗ್ತಿದ್ರು. ಈಗ ನೋಡಿ. ನಿಮ್ಮ ತರಗತಿಯ ಕಥೆಯನ್ನೇ ನಾವು ಬೇರೆ ಶಾಲೆಗಳಲ್ಲಿ ಹೇಳುವುದು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಬೆಂಚುಗಳು ತುಂಬಿದ್ದೂ ನಿಜ, ಆ ಕಿಟಕಿಯ ಸರಳೂ ನಿಜ. ಅವನಿಗೆ ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಆದರೆ ಹೇಳಿದರೆ ಇದೂ ಒಂದು ಕಥೆಯಾಗಿ ಬೇರೆ ಶಾಲೆಗಳಿಗೆ ಹೋಗುತ್ತದೆ, ಕಿನ್ನಿಯ ಫೋಟೋ ಸಹಿತ. ಬಾಯಿ ಮುಚ್ಚಿದಳು.

ಸಂಜೆ ಗಂಟೆಯಾಗಿ ಮಕ್ಕಳೆಲ್ಲ ಓಡಿದ ಮೇಲೂ ಅಶ್ಮಿತಾ ಬೆಂಚಿನಲ್ಲೇ ಇದ್ದಳು. ಟೀಚರ ಚಪ್ಪಲಿಯ ಕೆಂಪು ಮಣ್ಣನ್ನೇ ನೋಡುತ್ತಿದ್ದಳು.

"ಮನೆಗೆ ಹೋಗಿದ್ರಾ ಟೀಚರೇ?"

"ಹ್ಞೂಂ."

ಹುಡುಗಿ ತಲೆಯೆತ್ತದೆ ಕೇಳಿದಳು: "ಬಿಗಿ ಆಗಿತ್ತಾ?"

ಬೈಗುಳಕ್ಕೆ ಹೆದರಿ ಕೇಳಿದ್ದಲ್ಲ ಅದು. ಪರೀಕ್ಷೆಯ ಉತ್ತರ ಸರಿಯಾ ಎಂದು ಕೇಳುವ ಹಾಗೆ ಕೇಳಿದ್ದಳು.

"ಇಲ್ಲ ಮಗಾ. ಬೆರಳು ಹೋಗ್ತಿತ್ತು."

ಅಶ್ಮಿತಾ ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಮನೆಯ ಕಡೆ ಓಡಿದಳು. ದಿನಾ ಅವಳು ಓಡುವುದು ಏಕೆಂದು ವಸುಮತಿಗೆ ಅಂದು ಗೊತ್ತಾಯಿತು.

ಮನೆಗೆ ಬಂದು ಚಹಾ ಕುಡಿಯದೆ ಅವಳು ಕಪಾಟಿನ ಕೆಳಗಿನ ಖಾನೆ ಎಳೆದಳು. ನೀಲಿ ಸೀರೆಯ ಉಳಿದ ಅರ್ಧ ಅಲ್ಲಿತ್ತು. ಎರಡು ಪದರ ಮಡಚಿ ತನ್ನ ಸೊಂಟಕ್ಕೆ ಸುತ್ತಿ ನೋಡಿದಳು. ಇನ್ನೂ ಎರಡು ಮೊಳ ಉಳಿಯಿತು. ಸ್ಕೂಟರಿನಲ್ಲಿ ತನ್ನ ಬೆನ್ನಿಗೆ ಒರಗಿಸಿ ಕಟ್ಟಿದರೆ, ಹಿಂದೆ ಅಕ್ಕ ಹಿಡಿದು ಕುಳಿತರೆ, ಸೇತುವೆಯವರೆಗೆ ಏಳೆಂಟು ವರ್ಷದ ಹುಡುಗ ಜಾರುವುದಿಲ್ಲ. ಎಂಟೂವರೆಗೆ ಹೊರಡಬೇಕು. ವ್ಯಾನು ತಡವಾದರೆ ತಡವಾಗಲಿ. ನಾಳೆ ಹಲಗೆಯಲ್ಲಿ ನೂರು ಬಂದರೆ ಬರಲಿ, ಒಂದು ಬಂದರೆ ಒಂದನ್ನೇ ಬರೆದರಾಯಿತು. ನಾಡಿದ್ದೂ ಎಂಟೂವರೆಗೇ. ಅದರ ಮರುದಿನವೂ.

"ಹಳೆ ಸೀರೆ ಎಂತಕ್ಕೆ ಪುನಃ?" ಗಂಡ ವಿಷ್ಣುಪ್ರಸಾದ ಬಾಗಿಲಲ್ಲಿ ನಿಂತು ಕೇಳಿದ.

"ಗಿಡಕ್ಕೆ," ಎಂದು ಅವಳು ಅದನ್ನು ಮಡಚಿ ಚೀಲದಲ್ಲಿಟ್ಟಳು.