ಲುಬೋರನ ಏಳನೇ ಆವೃತ್ತಿ

ಒತಾಕರ್ ತನ್ನ ಹೆಸರು ಹೇಳಿದ್ದೇ ತಡ, ಲುಬೋರನ ಹೆಂಡತಿ ಬ್ಲಾಂಕಾ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬ್ರ್ನೋ ನಗರದ ಚಿತಾಗಾರದಲ್ಲಿ ಸಾಂತ್ವನ ಹೇಳುವವರ ಸಾಲು ಅಲ್ಲಿಗೇ ನಿಂತಿತು.

“ಯಾವ ಒತಾಕರ್? ಆ ಮೇಲ್ ಬರೆದವ್ರಾ?” ಸತ್ತವನ ಅಕ್ಕ ಕ್ವೇತಾ ಕೇಳಿದಳು.

“ಹೌದು.”

“ಬದುಕಿದ್ದೀಯೋ ಸತ್ತಿದ್ದೀಯೋ ಅಂತ ಕೇಳಿದ್ರಲ್ಲ, ಇಗೋ, ಬಂದು ನೋಡ್ಕೊಳ್ಳಿ!” ಎಂದು ಅವಳು ಶವಪೆಟ್ಟಿಗೆಯ ಕಡೆ ಕೈ ತೋರಿಸಿದಳು.

ಒತಾಕರ್ ನೋಡಿದ. ಹನ್ನೊಂದು ತಿಂಗಳು ದಿನಬೆಳಗಾದರೆ ಯಾರೊಡನೆ ಕಾದಾಡಿದ್ದನೋ ಆ ಲುಬೋರನ ಮುಖವನ್ನು ಮೊದಲ ಸಲ ಕಂಡದ್ದು ಪೆಟ್ಟಿಗೆಯ ಪಕ್ಕದ ಫೋಟೋದಲ್ಲಿ. ತಂತ್ರಾಂಶ ಬರೆಯುವ ನಮ್ಮ ಕಸುಬೇ ಹೀಗೆ. ಮುಖ ನೋಡದವರ ಜೊತೆ ಜಗಳವಾಡುತ್ತೇವೆ, ಅದೂ ಇಡೀ ಲೋಕ ಓದುವ ಮೇಲಿಂಗ್ ಲಿಸ್ಟಿನಲ್ಲಿ. ಬರೆದದ್ದನ್ನು ಅಳಿಸುವ ಹಾಗಿಲ್ಲ. ಲುಬೋರ್ ಸೋಮವಾರ ಸಂಜೆ ಟ್ರಾಮ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಒತಾಕರನ ಮೇಲ್ ಹೋದದ್ದು ಮಂಗಳವಾರ ಬೆಳಿಗ್ಗೆ.

*

ಅದಕ್ಕೆ ಹತ್ತು ದಿನ ಮೊದಲು ಲುಬೋರ್ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಗುತ್ತಿದ್ದ.

“ಒತಾಕರ್ ಆರನೇ ಸಲಾನೂ ಬೇಡ ಅಂದ್ನಾ?” ಬ್ಲಾಂಕಾ ಕೇಳಿದಳು.

“‘ಯಂತ್ರ ನಿಂತೇ ಹೋಗುತ್ತೆ. ಮೊದಲು ಓಡಿಸಿ ನೋಡು, ಆಮೇಲೆ ಕಳಿಸು’ ಅಂದಿದಾನೆ.”

“ಊರವರ ಮುಂದೆಲ್ಲ ಉಗಿಸ್ಕೊಂಡು ಹಲ್ಲು ಬೇರೆ ಕಿರೀತೀಯಲ್ಲೋ!”

“ಅವನು ಹೇಳಿದ್ದು ಸರಿ ಕಣೇ. ನಿಲ್ಲುತ್ತೆ. ಯಾಕೆ ನಿಲ್ಲುತ್ತೆ ಅಂತ ಈಗ ಗೊತ್ತಾಯ್ತು.”

ಅವನು ದುಡಿಯುತ್ತಿದ್ದದ್ದು ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ಸೋಗು ಹಾಕುವ ತಂತ್ರಾಂಶಕ್ಕಾಗಿ. ಒಳಗಿನ ಯಂತ್ರ ಓಡುತ್ತಿರುವಾಗಲೇ ಅದಕ್ಕೆ ಪ್ರೊಸೆಸರುಗಳನ್ನು ಸೇರಿಸಲು ಮೊದಲೇ ಬರುತ್ತಿತ್ತು. ಓಡುತ್ತಿರುವಾಗಲೇ ಒಂದನ್ನು ಕಿತ್ತು ತೆಗೆಯಲೂ ಬರಬೇಕೆಂಬುದು ಲುಬೋರನ ಹಟ. ಯಾರೇ ಬರೆದು ಕಳಿಸಿದ ಬದಲಾವಣೆಯನ್ನು ಆ ತಂತ್ರಾಂಶಕ್ಕೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವನು ಒತಾಕರ್. ಕೆಲಸ ಮುಗಿಯುವವರೆಗೆ ಆ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

*

ಚಿತಾಗಾರದಿಂದ ಎಲ್ಲರೂ ಪಕ್ಕದ ಬೀದಿಯ ಪಬ್ಬಿಗೆ ಹೋದರು. ಬ್ರೆಡ್ಡಿನ ತುಂಡುಗಳ ಮೇಲೆ ಹಂದಿಮಾಂಸ, ಮೊಟ್ಟೆ, ಉಪ್ಪಿನಕಾಯಿ ಸೌತೆ, ಜೊತೆಗೆ ರಮ್. ಒತಾಕರ್ ತಟ್ಟೆ ಮುಟ್ಟಲಿಲ್ಲ. ಬ್ಲಾಂಕಾ ಚೀಲದಿಂದ ಲುಬೋರನ ಲ್ಯಾಪ್‌ಟಾಪ್ ತೆಗೆದು, ಪಾಸ್‌ವರ್ಡ್ ಒತ್ತಿ, ಅವನ ಮುಂದಿಟ್ಟಳು.

“ಇದನ್ನ ಸೇರಿಸ್ಕೊಳ್ಳಿ. ಅವನ ಹೆಸರಲ್ಲಿ. ನಿಮ್ಮ ಹತ್ರ ನಾನು ಬೇರೇನೂ ಕೇಳಲ್ಲ.”

ಒತಾಕರನಿಗೆ ಹೂಂ ಅಂದುಬಿಡುವುದು ಸುಲಭವಿತ್ತು. “ಅಮ್ಮಾ, ಅದು ಯಂತ್ರವನ್ನ ನಿಲ್ಲಿಸಿಬಿಡುತ್ತೆ. ಮರುಕಪಟ್ಟು ಒಪ್ಪಿಕೊಂಡ್ರೆ ಅವರಿಗೇ ಅವಮಾನ.”

“ಸತ್ತವನಿಗೂ ಬೇಡ ಅಂತಾನಲ್ಲ, ಇವನೇನು ಮನುಷ್ಯನಾ?” ಕ್ವೇತಾ ಕೂಗಿದಳು.

“ಎಲ್ಲಿ ನಿಲ್ಲುತ್ತೆ ಅಂತ ತೋರಿಸ್ತೀನಿ,” ಎಂದು ಅವನು ಪರದೆ ತನ್ನ ಕಡೆ ತಿರುಗಿಸಿಕೊಂಡ.

ಅಲ್ಲಿದ್ದದ್ದು ಏಳನೆಯದು. ಬರೆದು ಮುಗಿಸಿದ್ದ, ಕಳಿಸಿರಲಿಲ್ಲ. ಹೊಸದಾಗಿ ಒಂದು ಸಣ್ಣ ರಿಪೇರಿ ಸೇರಿತ್ತು. ಒತಾಕರ್ ಓದಿದ, ಇನ್ನೊಮ್ಮೆ ಓದಿದ. ಪ್ರೊಸೆಸರನ್ನು ಕಿತ್ತ ಮೇಲೂ ಹಳೆಯ ಕೋಡಿನ ಒಂದು ಸಾಲು ಅದನ್ನೇ ಕರೆಯುತ್ತ, ಅದರ ಉತ್ತರಕ್ಕೆ ಕಾಯುತ್ತ ಕೂತಿರುತ್ತಿತ್ತು. ಯಂತ್ರ ನಿಲ್ಲುತ್ತಿದ್ದದ್ದು ಅದಕ್ಕೆ. ಆ ಸಾಲು ಬರೆದವನು ಒತಾಕರನೇ, ಒಂಬತ್ತು ವರ್ಷದ ಹಿಂದೆ.

ತಪ್ಪು ಯಾರದೆಂದು ಲುಬೋರ್ ಎಲ್ಲೂ ಬರೆದಿರಲಿಲ್ಲ. ದೋಷ ಹುಡುಕಿಕೊಟ್ಟವರ ಹೆಸರನ್ನು ಕೊನೆಗೆ ನಮೂದಿಸುವುದು ನಮ್ಮಲ್ಲಿ ಪದ್ಧತಿ. ಅಲ್ಲಿ ಹೀಗಿತ್ತು: ‘ದೋಷ ಕಂಡುಹಿಡಿದವರು: ಒತಾಕರ್ ಸ್ಟ್ರ್ನಾದ್.’

“ಏನಂತೆ?” ಬ್ಲಾಂಕಾ ಕೇಳಿದಳು.

“ತಪ್ಪು ನಂದು,” ಅಂದ ಅವನು, ಎಲ್ಲರಿಗೂ ಕೇಳುವಂತೆ. “ಅವರದಲ್ಲ. ಆರೂ ಸಲ ನನ್ನದೇ. ಅವರಿಗೆ ಗೊತ್ತಾಗಿತ್ತು. ಹೇಳಲೇ ಇಲ್ಲ.”

ಕ್ವೇತಾ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟಳು.

“ಈಗ ನಿಲ್ಲುತ್ತಾ?” ಬ್ಲಾಂಕಾ ಕೇಳಿದಳು. ಅವಳಿಗೆ ಬೇಕಾದದ್ದು ಅಷ್ಟೇ.

“ಗೊತ್ತಿಲ್ಲ. ಓಡಿಸಿ ನೋಡ್ಬೇಕು.”

ಒತಾಕರ್ ಒಳಗಿನ ಯಂತ್ರವನ್ನು ಎಬ್ಬಿಸಿದ. ನಾಲ್ಕು ಪ್ರೊಸೆಸರು. ಪರದೆಯ ಮೂಲೆಯಲ್ಲಿ ಅದರ ಗಡಿಯಾರದ ಸೆಕೆಂಡುಗಳು ಏರತೊಡಗಿದವು; ಯಂತ್ರ ನಿಂತರೆ ಅವೂ ನಿಲ್ಲುತ್ತವೆ. ನಾಲ್ಕನೆಯದನ್ನು ಕೀಳುವ ಆಜ್ಞೆ ಬೆರಳಚ್ಚಿಸುವಾಗ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಸರಿಯಾಗಿ ಒತ್ತಿ, ಕೈ ತೆಗೆದು ಕೂತ.

ನಾಲ್ಕು ಇದ್ದಲ್ಲಿ ಮೂರು ಎಂದು ಬಂತು.

ಬ್ಲಾಂಕಾ ಪರದೆಯ ಮೂಲೆಯ ಗಡಿಯಾರದತ್ತ ಬಾಗಿದಳು. “ಹದಿನೇಳು,” ಎಂದು ಗಟ್ಟಿಯಾಗಿ ಓದಿದಳು. “ಹದಿನೆಂಟು. ಹತ್ತೊಂಬತ್ತು.” ಅಳು ಉಕ್ಕಿ ಬಂದರೂ ಅವಳು ಎಣಿಸುವುದನ್ನು ಬಿಡಲಿಲ್ಲ. “ಇಪ್ಪತ್ತು. ಇಪ್ಪತ್ತೊಂದು.”